ಮನೆಯ ಗೋಡೆಯ ಮೇಲಿನ ಕತ್ತಲೆ

(ಬಾನುಲಿ ಭಾಷಣ)

ಚಿತ್ರಕಲೆಯನ್ನು ಕುರಿತ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಬಹು ಮುಖ್ಯವಾದುದು. ಯಾವ ಚಿತ್ರವನ್ನು ಎಲ್ಲಿ ಬರೆಯಬೇಕು ಎಂಬ ವಿಚಾರದಲ್ಲಿ ಅದು ಒಂದು ಸ್ಪಷ್ಟವಾದ ಕಟ್ಟಳೆಯನ್ನು ವಿಧಿಸುತ್ತದೆ. ವಾಸದ ಮನೆಯಲ್ಲಿ ಶೃಂಗಾರ, ಹಾಸ್ಯ, ಶಾಂತ ಈ ಮೂರು ರಸಗಳ ಚಿತ್ರಗಳು ಮಾತ್ರ ಇರತಕ್ಕದ್ದು. ಯುದ್ಧ, ಶ್ಮಶಾನ, ಮರಣ, ದುಃಖ ಇಂಥವನ್ನು ಮನೆಯ ಗೋಡೆಯ ಮೇಲೆ ಬರೆಯಕೂಡದು. ದೇವಾಲಯದಲ್ಲಿ, ಅರಸನ ಸಭಾಭವನದಲ್ಲಿ ಎಲ್ಲ ರಸಗಳಿಗೂ ಅವಕಾಶವುಂಟು. ಮೇಲ್ನೋಟಕ್ಕೆ ಇದು ಶುಭಾಶುಭಗಳ ನಂಬಿಕೆಯಂತೆ ಕಂಡರೂ ಇದರ ಹಿಂದೆ ಮನಸ್ಸಿನ ಸ್ವಭಾವವನ್ನು ಬಲ್ಲವರ ವಿವೇಕವಿದೆ. ದೇವಾಲಯಕ್ಕೆ ನಾವು ಹೋಗುತ್ತೇವೆ, ಹಿಂದಿರುಗುತ್ತೇವೆ. ಮನೆ ಹಾಗಲ್ಲ, ಅಲ್ಲಿ ಉಣ್ಣುತ್ತೇವೆ, ಮಲಗುತ್ತೇವೆ, ನಡುರಾತ್ರಿಯಲ್ಲಿ ಎಚ್ಚೆತ್ತು ನೀರು ಕುಡಿಯಲು ಏಳುತ್ತೇವೆ. ಆಗ ಗೋಡೆಯ ಮೇಲಿನಿಂದ ನಮ್ಮನ್ನು ನೋಡುವ ಮುಖ ಯಾವುದು ಎಂಬುದು ಸಣ್ಣ ಪ್ರಶ್ನೆಯಲ್ಲ.

ಸುಮಾರು ಇನ್ನೂರು ವರ್ಷಗಳ ಹಿಂದೆ ಯೂರೋಪಿನ ಒಬ್ಬ ವೃದ್ಧ ಚಿತ್ರಕಾರ ಈ ಕಟ್ಟಳೆಗೆ ನೇರ ವಿರುದ್ಧವಾದ ಕೆಲಸವನ್ನು ಮಾಡಿದ. ತಾನು ವಾಸವಾಗಿದ್ದ ಮನೆಯ ಎರಡು ಅಂತಸ್ತುಗಳ ಗೋಡೆಗಳನ್ನೂ ಭಯಾನಕ, ಬೀಭತ್ಸ ಚಿತ್ರಗಳಿಂದ ತುಂಬಿದ. ಯಾರೂ ಅವನಿಗೆ ಹೇಳಿರಲಿಲ್ಲ, ಯಾರೂ ಹಣ ಕೊಟ್ಟಿರಲಿಲ್ಲ. ಅವನು ಆ ಚಿತ್ರಗಳಿಗೆ ಹೆಸರನ್ನೂ ಇಡಲಿಲ್ಲ. ಅವನು ಸ್ಪೇನ್ ದೇಶದ ಫ್ರಾನ್ಸಿಸ್ಕೊ ಗೋಯಾ. ಆ ಹದಿನಾಲ್ಕು ಚಿತ್ರಗಳನ್ನು ಇಂದು ಜಗತ್ತು ‘ಕಪ್ಪು ಚಿತ್ರಗಳು’ ಎಂದು ಕರೆಯುತ್ತದೆ. ಭಯ ಹುಟ್ಟಿಸುವ ಚಿತ್ರ ಹೇಗೆ ರೂಪುಗೊಳ್ಳುತ್ತದೆ, ಅದನ್ನು ಬರೆಯುವವನಿಗೆ ಏನು ಬೇಕಾಗಿರುತ್ತದೆ ಎಂಬುದನ್ನು ತಿಳಿಯಬೇಕಾದರೆ ಇವುಗಳಿಗಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಕಣ್ಣಿನಿಂದ ನೋಡಬೇಕಾದುದನ್ನು ಬಾನುಲಿಯಲ್ಲಿ ಕಿವಿಗೆ ಹೇಳಹೊರಡುವುದು ಒಂದು ವಿಪರ್ಯಾಸವೇ ಸರಿ. ಅದರಲ್ಲಿಯೂ ಈ ಚಿತ್ರಗಳನ್ನು ಬರೆದವನು ಕಿವುಡ. ಆ ಮಾತನ್ನು ನೆನಪಿನಲ್ಲಿಟ್ಟುಕೊಳ್ಳೋಣ. ಮುಂದೆ ಅದರಿಂದ ಪ್ರಯೋಜನವಿದೆ.

ಗೋಯಾ ಹುಟ್ಟಿದ್ದು 1746ರಲ್ಲಿ, ಅರಗಾನ್ ಪ್ರಾಂತದ ಫುವೆಂದೆತೋದೋಸ್ ಎಂಬ ಸಣ್ಣ ಹಳ್ಳಿಯಲ್ಲಿ. ಅವನು ಮೊದಲಿನಿಂದಲೂ ಕತ್ತಲೆಯ ಚಿತ್ರಕಾರನಾಗಿರಲಿಲ್ಲ. 1775ರಿಂದ ಮೊದಲ್ಗೊಂಡು ಹಲವು ವರ್ಷಗಳ ಕಾಲ ಅವನು ರಾಜಮನೆತನದ ನೆಯ್ಗೆ ಕಾರ್ಖಾನೆಗೆ ಮಾದರಿಚಿತ್ರಗಳನ್ನು ಬರೆದುಕೊಟ್ಟ. ಅರಮನೆಯ ಗೋಡೆಗಳಲ್ಲಿ ತೂಗುಬಿಡುವ ಚಿತ್ರಗಂಬಳಿಗಳಿಗೆ ಅವು ಮೂಲ. ಗಾಳಿಪಟ ಹಾರಿಸುವವರು, ಕಣ್ಣಾಮುಚ್ಚಾಲೆ ಆಡುವ ಯುವಕ ಯುವತಿಯರು, ಕೊಡೆಯ ನೆರಳಿನಲ್ಲಿ ಕುಳಿತ ಹುಡುಗಿ, ಇಂಥ ತಿಳಿಬೆಳಕಿನ ಲೋಕ ಅವುಗಳಲ್ಲಿದೆ. 1799ರಲ್ಲಿ ಅವನು ಆಸ್ಥಾನದ ಪ್ರಥಮ ಚಿತ್ರಕಾರನಾದ. ಒಬ್ಬ ಹಳ್ಳಿಯ ಹುಡುಗ ಏರಬಹುದಾಗಿದ್ದ ಎತ್ತರದ ತುದಿ ಅದು.

ಆದರೆ ಅಷ್ಟರಲ್ಲಿ ಒಂದು ದೊಡ್ಡ ಆಘಾತ ಸಂಭವಿಸಿಯಾಗಿತ್ತು. 1792ರ ಕೊನೆಯಲ್ಲಿ ಅವನಿಗೆ ತೀವ್ರವಾದ ಕಾಯಿಲೆ ಬಂತು. ತಲೆಯಲ್ಲಿ ಸದ್ದು, ತಲೆತಿರುಗು, ಕಣ್ಣು ಮಂಜಾಗುವುದು ಮೊದಲಾದ ತೊಂದರೆಗಳಿಂದ ಅವನು ತಿಂಗಳುಗಟ್ಟಲೆ ನರಳಿದ. ಆ ರೋಗ ಯಾವುದೆಂಬುದರಲ್ಲಿ ವೈದ್ಯರಿಗೆ ಇಂದಿಗೂ ಒಮ್ಮತವಿಲ್ಲ. ಅವನು ಬದುಕಿ ಉಳಿದ; ಆದರೆ ಕಿವಿ ಸಂಪೂರ್ಣವಾಗಿ ಹೋಯಿತು. ಉಳಿದ 35 ವರ್ಷಗಳನ್ನು ಅವನು ನಿಶ್ಶಬ್ದದಲ್ಲಿ ಕಳೆದ. ಚೇತರಿಸಿಕೊಳ್ಳುತ್ತಿದ್ದಾಗ ತಗಡಿನ ಮೇಲೆ ಕೆಲವು ಸಣ್ಣ ಚಿತ್ರಗಳನ್ನು ಬರೆದು 1794ರಲ್ಲಿ ಅಕಾಡೆಮಿಗೆ ಕಳಿಸಿದ. ಇತರರು ಹೇಳಿ ಬರೆಸುವ ಚಿತ್ರಗಳಲ್ಲಿ ಕಲ್ಪನೆಗೆ ಎಡೆಯಿಲ್ಲ, ಅದಕ್ಕಾಗಿ ಇವನ್ನು ಬರೆದೆ ಎಂಬ ಅರ್ಥ ಬರುವಂತೆ ಜೊತೆಗೊಂದು ಕಾಗದವನ್ನೂ ಬರೆದ. ಆ ಗುಂಪಿಗೆ ಸೇರಿದ ಒಂದು ಚಿತ್ರ ಹುಚ್ಚರ ಆವರಣದ್ದು. ಗೋಯಾನ ಕಲೆಯಲ್ಲಿ ಕತ್ತಲೆ ಪ್ರವೇಶಿಸಿದ್ದು ಇಲ್ಲಿಂದ ಎನ್ನಬಹುದು.

ಕತ್ತಲೆಯನ್ನು ಬರೆಯುವ ವಿದ್ಯೆಯನ್ನು ಅವನು ಕಲಿತದ್ದು ಮಾತ್ರ ಬಣ್ಣದಲ್ಲಿ ಅಷ್ಟಾಗಿ ಅಲ್ಲ, ತಾಮ್ರದ ತಗಡಿನ ಮೇಲೆ. 1799ರಲ್ಲಿ ‘ಕಾಪ್ರಿಚೋಸ್’ ಎಂಬ ಹೆಸರಿನಲ್ಲಿ 80 ಮುದ್ರಣಚಿತ್ರಗಳನ್ನು ಹೊರತಂದ. ಇವುಗಳಿಗೆ ಅವನು ಬಳಸಿದ ಒಂದು ವಿಧಾನಕ್ಕೆ ಆಕ್ವಾಟಿಂಟ್ ಎಂದು ಹೆಸರು. ತಾಮ್ರದ ತಗಡಿನ ಮೇಲೆ ರಾಳದ ನುಣ್ಣನೆಯ ಪುಡಿಯನ್ನು ಉದುರಿಸಿ, ಕೆಳಗಿನಿಂದ ಶಾಖ ಕೊಟ್ಟು ಅಂಟುವಂತೆ ಮಾಡಿ, ಆಮ್ಲದಲ್ಲಿ ಅದ್ದುತ್ತಾರೆ. ಪುಡಿಯ ಕಣಗಳ ಸಂದುಗಳಲ್ಲಿ ಆಮ್ಲ ತಾಮ್ರವನ್ನು ಕೊರೆಯುತ್ತದೆ. ಅಲ್ಲಿ ಶಾಯಿ ನಿಂತು, ಅಚ್ಚಿನಲ್ಲಿ ಗೆರೆಗಳ ಬದಲು ಒಂದು ಹರಡಿದ ಮಬ್ಬು ಮೂಡುತ್ತದೆ. ಹೆಚ್ಚು ಹೊತ್ತು ಕೊರೆದರೆ ಹೆಚ್ಚು ಕಪ್ಪು, ಕಡಿಮೆ ಹೊತ್ತು ಕೊರೆದರೆ ಬೂದು. ಬೆಳಕು ಬೇಕಾದಲ್ಲಿ ಆಮ್ಲ ತಾಗದಂತೆ ಅರಗು ಬಳಿಯಬೇಕು. ಎಂದರೆ ಇಲ್ಲಿ ಕತ್ತಲೆಯೆಂಬುದು ಬೆಳಕಿನ ಅಭಾವವಲ್ಲ. ಅದೇ ಮೊದಲ ದ್ರವ್ಯ. ಬೆಳಕು ಎಂಬುದು ಕಲಾವಿದ ಉಳಿಸಿಕೊಂಡ ಜಾಗ. ‘ತರ್ಕದ ನಿದ್ರೆಯಿಂದ ರಾಕ್ಷಸರ ಜನನ’ ಎಂಬ ಹೆಸರಿನ ಪ್ರಸಿದ್ಧ ಚಿತ್ರ ಈ ಮಾಲೆಯ 43ನೆಯದು. ಮೇಜಿನ ಮೇಲೆ ತಲೆಯಿಟ್ಟು ಒಬ್ಬ ಮನುಷ್ಯ ನಿದ್ರಿಸುತ್ತಿದ್ದಾನೆ. ಹಿಂದಿನ ಮಬ್ಬಿನಿಂದ ಗೂಬೆಗಳೂ ಬಾವಲಿಗಳೂ ಅವನ ಮೇಲೆ ಎರಗುತ್ತಿವೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿನಲ್ಲಿರುವ ಪದಕ್ಕೆ ನಿದ್ರೆ ಎಂದೂ ಕನಸು ಎಂದೂ ಎರಡು ಅರ್ಥ. ತರ್ಕ ಮಲಗಿದಾಗ ರಾಕ್ಷಸರು ಹುಟ್ಟುತ್ತಾರೆಯೋ ಅಥವಾ ತರ್ಕ ಕಾಣುವ ಕನಸೇ ರಾಕ್ಷಸವೋ ಎಂಬ ಶಂಕೆಯನ್ನು ಅವನು ಹಾಗೆಯೇ ಉಳಿಸಿದ್ದಾನೆ.

ಇದಾದ ಮೇಲೆ ಬಂದದ್ದು ನಿಜವಾದ ರಾಕ್ಷಸರ ಕಾಲ. 1808ರಲ್ಲಿ ನೆಪೋಲಿಯನ್ನನ ಸೈನ್ಯ ಸ್ಪೇನನ್ನು ಆಕ್ರಮಿಸಿತು. ಆರು ವರ್ಷಗಳ ಯುದ್ಧ, 1811-12ರಲ್ಲಿ ಮ್ಯಾಡ್ರಿಡ್ ನಗರದ ಘೋರ ಕ್ಷಾಮ, ಎರಡೂ ಕಡೆಯವರು ನಡೆಸಿದ ಹಿಂಸೆ, ಇವೆಲ್ಲವನ್ನೂ ಗೋಯಾ ‘ಯುದ್ಧದ ಅನಾಹುತಗಳು’ ಎಂಬ ಮುದ್ರಣಮಾಲೆಯಲ್ಲಿ ದಾಖಲಿಸಿದ. ಅದರಲ್ಲಿ ಒಂದು ಚಿತ್ರದ ಹೆಸರು ‘ಇದನ್ನು ನಾನು ಕಂಡೆ’ ಎಂದು ಮಾತ್ರ. ಅವನು ಬದುಕಿದ್ದಾಗ ಆ ಮಾಲೆ ಪ್ರಕಟವಾಗಲಿಲ್ಲ. ಅದು ಬೆಳಕು ಕಂಡದ್ದು 1863ರಲ್ಲಿ, ಅವನು ತೀರಿಕೊಂಡ 35 ವರ್ಷಗಳ ನಂತರ. ಯುದ್ಧ ಮುಗಿದು 1814ರಲ್ಲಿ ಹಿಂದಿರುಗಿದ ಏಳನೆಯ ಫರ್ಡಿನಾಂಡ್ ದೊರೆ ಸಂವಿಧಾನವನ್ನು ರದ್ದುಮಾಡಿ, ಧರ್ಮವಿಚಾರಣೆಯ ನ್ಯಾಯಮಂಡಲಿಯನ್ನು ಮತ್ತೆ ಸ್ಥಾಪಿಸಿದ. ಹೊಸ ವಿಚಾರಗಳನ್ನು ನಂಬಿದ್ದ ಗೋಯಾನ ಮಿತ್ರರಲ್ಲಿ ಹಲವರು ಸೆರೆಮನೆ ಸೇರಿದರು, ಇಲ್ಲವೆ ದೇಶ ಬಿಟ್ಟರು. 1812ರಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಹುಟ್ಟಿದ ಮಕ್ಕಳಲ್ಲಿ ಪ್ರೌಢವಯಸ್ಸಿಗೆ ಬಂದವನು ಒಬ್ಬನೇ.

1819ರ ಫೆಬ್ರವರಿಯಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಗೋಯಾ ಮ್ಯಾಡ್ರಿಡ್ ನಗರದ ಹೊರಗೆ ಮಾನ್ಸನಾರೆಸ್ ನದಿಯ ಆಚೆ ದಡದಲ್ಲಿ ಒಂದು ತೋಟದ ಮನೆಯನ್ನು ಕೊಂಡ. ಜನ ಅದನ್ನು ‘ಕಿಂತಾ ದೆಲ್ ಸೋರ್ದೊ’ ಎಂದು ಕರೆಯುತ್ತಿದ್ದರು. ಹಾಗೆಂದರೆ ಕಿವುಡನ ತೋಟ. ಗೋಯಾನಿಂದ ಆ ಹೆಸರು ಬರಲಿಲ್ಲ. ಅದಕ್ಕೂ ಮೊದಲು ಅಲ್ಲಿದ್ದವನೂ ಕಿವುಡನೇ ಆಗಿದ್ದನೆಂದು ಹೇಳುತ್ತಾರೆ. ಅದೇ ವರ್ಷ ಅವನು ಮತ್ತೆ ಕಾಯಿಲೆ ಬಿದ್ದು ಸಾವಿನ ಅಂಚನ್ನು ಮುಟ್ಟಿ ಬಂದ. ತನ್ನನ್ನು ಉಳಿಸಿದ ವೈದ್ಯ ಅರ್ರಿಯೇತಾ ತನಗೆ ಔಷಧ ಕುಡಿಸುತ್ತಿರುವ ಚಿತ್ರವೊಂದನ್ನು 1820ರಲ್ಲಿ ಬರೆದು ವೈದ್ಯನಿಗೇ ಅರ್ಪಿಸಿದ. ಆ ಚಿತ್ರದಲ್ಲಿ ರೋಗಿಯ ಬೆನ್ನ ಹಿಂದಿನ ಕತ್ತಲೆಯಲ್ಲಿ ಕೆಲವು ಮುಖಗಳು ಅಸ್ಪಷ್ಟವಾಗಿ ಕಾಣುತ್ತವೆ. ಆ ಮುಖಗಳೇ ಮುಂದಕ್ಕೆ ಬಂದು ಮನೆಯ ಗೋಡೆಗಳನ್ನು ಆಕ್ರಮಿಸಿದುವೋ ಎಂಬಂತಿದೆ.

ಇನ್ನು ಚಿತ್ರಗಳನ್ನು ಬರೆದ ಬಗೆ. ಇವು ಅಜಂತೆಯ ಚಿತ್ರಗಳಂತೆ ಗಾರೆಯ ಮೇಲೆ ಬರೆದವಾದರೂ ವಿಧಾನ ಬೇರೆ. ಒಣಗಿದ ಗಾರೆಯ ಗೋಡೆಯ ಮೇಲೆ ಮುಖ್ಯವಾಗಿ ಎಣ್ಣೆಬಣ್ಣವನ್ನು ಬಳಸಿ ಗೋಯಾ ಇವನ್ನು ಬರೆದ. ಬಣ್ಣಗಳ ಸಂಖ್ಯೆ ಕಡಿಮೆ: ಕಪ್ಪು, ಬಿಳಿ, ಕಾವಿ, ಹಳದಿ ಮಣ್ಣು, ಕಂದು, ಅಲ್ಲಲ್ಲಿ ತುಸು ಕೆಂಪು, ತುಸು ನೀಲಿ. ಅಗಲವಾದ ಕುಂಚದಿಂದಲೂ ಬಣ್ಣ ಕಲೆಸುವ ಚಪ್ಪಟೆ ಅಲಗಿನಿಂದಲೂ ಬಣ್ಣವನ್ನು ಎಳೆದು, ಮೆತ್ತಿ, ಕೆರೆದು ಬರೆದದ್ದು ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದು ಮುಖವೆಂಬುದು ನಾಲ್ಕಾರು ಒರಟು ಬೀಸುಗಳು ಮಾತ್ರ. ಎರಡು ಹೆಜ್ಜೆ ಹಿಂದೆ ಸರಿದಾಗ ಆ ಬೀಸುಗಳೇ ಕೂಡಿಕೊಂಡು ನಮ್ಮನ್ನು ದಿಟ್ಟಿಸುತ್ತವೆ. ನಯವಾಗಿ ತೀಡಿದ ಮುಖ ನಮ್ಮನ್ನು ಹೀಗೆ ಬೆಚ್ಚಿಸಲಾರದು. ಯಾಕೆಂದರೆ ಅರೆಗತ್ತಲಿನಲ್ಲಿ ನಾವು ಮುಖವನ್ನು ಕಾಣುವುದೇ ಹೀಗೆ: ಮೊದಲು ಕಲೆ, ಆಮೇಲೆ ಕಣ್ಣು.

1980ರ ದಶಕದಲ್ಲಿ ಈ ಚಿತ್ರಗಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಒಂದು ಸೋಜಿಗದ ಸಂಗತಿ ಹೊರಬಿತ್ತು. ಇವುಗಳಲ್ಲಿ ಹಲವು ಚಿತ್ರಗಳ ಅಡಿಯಲ್ಲಿ ಬೇರೆ ಚಿತ್ರಗಳಿವೆ: ಬೆಟ್ಟಗುಡ್ಡ, ಹೊಳೆ, ಸಣ್ಣ ಮನುಷ್ಯಾಕೃತಿಗಳು ಇರುವ ಭೂದೃಶ್ಯಗಳು. ಚಿತ್ರಸೂತ್ರಕಾರ ಒಪ್ಪಬಹುದಾಗಿದ್ದ ಚಿತ್ರಗಳು! ಅವನ್ನು ಬರೆದವನು ಗೋಯಾನೇ ಎಂದು ಕೆಲವರೂ, ಮನೆಯಲ್ಲಿ ಮೊದಲೇ ಇದ್ದ ಅಲಂಕಾರವೆಂದು ಕೆಲವರೂ ಹೇಳುತ್ತಾರೆ. ಯಾವುದೇ ಆಗಲಿ, ಕತ್ತಲೆ ಇಲ್ಲಿ ಬಿಳಿಯ ಗೋಡೆಯ ಮೇಲೆ ಬರಲಿಲ್ಲ. ಒಂದು ಪ್ರಸನ್ನವಾದ ಲೋಕವನ್ನು ಮುಚ್ಚಿಕೊಂಡು ಬಂತು. ಕೆಳ ಅಂತಸ್ತಿನ ಬಾಗಿಲ ಪಕ್ಕದಲ್ಲಿ ಕರಿಯ ಉಡುಪಿನ ಒಬ್ಬ ಹೆಂಗಸಿನ ಚಿತ್ರವಿತ್ತು. ಗೋಯಾನ ಮನೆಯಲ್ಲಿದ್ದ ಲೆಯೊಕಾದಿಯಾ ಎಂಬುವಳು ಇವಳೇ ಎಂದು ಊಹೆ. ಇಂದು ಅವಳು ಒಂದು ಗೋರಿಯ ದಿಬ್ಬಕ್ಕೆ ಒರಗಿ ನಿಂತಿರುವಂತೆ ಕಾಣುತ್ತದೆ. ಕ್ಷ-ಕಿರಣದಲ್ಲಿ ನೋಡಿದರೆ ಅದು ಮೊದಲು ಮನೆಯೊಳಗಿನ ಬೆಂಕಿಗೂಡಿನ ಕಟ್ಟೆಯಾಗಿತ್ತು. ಅವಳ ಮುಖಕ್ಕೆ ಮುಸುಕೂ ಇರಲಿಲ್ಲ. ಭಯವನ್ನು ಚಿತ್ರಿಸುವ ವಿದ್ಯೆಯ ಒಂದು ಗುಟ್ಟು ಇಲ್ಲಿದೆ. ಹೊಸದಾಗಿ ರಾಕ್ಷಸನನ್ನು ತರಬೇಕಾಗಿಲ್ಲ. ನಿತ್ಯದ ಒಲೆಯನ್ನು ಗೋರಿಯಾಗಿ ಮಾಡಿದರೆ ಸಾಕು.

ಈ ಗುಟ್ಟನ್ನು ಇನ್ನಷ್ಟು ಸ್ಪಷ್ಟವಾಗಿ ಕಾಣುವುದಕ್ಕೆ ಒಂದು ಅನುಕೂಲವಿದೆ. ಈ ಗೋಡೆಗಳ ಮೇಲಿನ ವಸ್ತುಗಳಲ್ಲಿ ಕೆಲವನ್ನು ಗೋಯಾ ತಾನೇ ಹಿಂದೆ ಬೇರೆ ರೀತಿಯಲ್ಲಿ ಬರೆದಿದ್ದ. ಮ್ಯಾಡ್ರಿಡ್ ನಗರದ ರಕ್ಷಕ ಸಂತ ಇಸಿದ್ರೊ, ಹೊಲದಲ್ಲಿ ದುಡಿದವನು. ಪ್ರತಿ ವರ್ಷ ಮೇ 15ರಂದು ಅವನ ಹಬ್ಬ. ಜನ ಹೊಳೆ ದಾಟಿ ಅವನ ಗುಡಿಯ ಬಯಲಿಗೆ ಜಾತ್ರೆ ಹೋಗುತ್ತಾರೆ. 1788ರಲ್ಲಿ ಗೋಯಾ ಈ ಜಾತ್ರೆಯನ್ನು ಒಂದು ಸಣ್ಣ ಚಿತ್ರದಲ್ಲಿ ಬರೆದ. ಹೊಳೆಯ ಆಚೆ ಬಿಸಿಲಿನಲ್ಲಿ ಹೊಳೆಯುವ ನಗರ, ಈಚೆ ಇಳಿಜಾರಿನಲ್ಲಿ ಕುಳಿತು ಹರಟುವ ಜನ, ಬಿಳಿಯ ಕೊಡೆಗಳು. ನೋಡಿದರೆ ನಾವೂ ಹೋಗಿ ಆ ಹುಲ್ಲಿನ ಮೇಲೆ ಕೂರೋಣವೆನ್ನಿಸುತ್ತದೆ. ಕಿವುಡನ ತೋಟ ಇದ್ದದ್ದು ಈ ಬಯಲಿನ ಸಮೀಪದಲ್ಲಿಯೇ. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದೇ ಜಾತ್ರೆಯನ್ನು ಅವನು ಗೋಡೆಯ ಮೇಲೆ ಮತ್ತೆ ಬರೆದ. ಈಗ ನಗರವಿಲ್ಲ, ಹೊಳೆಯಿಲ್ಲ. ಬೋಳು ಗುಡ್ಡಗಳ ನಡುವೆ ಕತ್ತಲೆಯಿಂದ ಒಂದು ಜನಸಮೂಹ ಹಾವಿನಂತೆ ಹರಿದುಬರುತ್ತಿದೆ. ಮುಂಭಾಗದಲ್ಲಿ ಒಬ್ಬ ಗಿಟಾರ್ ಹಿಡಿದು ಹಾಡುತ್ತಿದ್ದಾನೆ. ಅವನ ಸುತ್ತ ಒತ್ತಿಕೊಂಡ ಮುಖಗಳೆಲ್ಲ ಬಾಯ್ದೆರೆದಿವೆ. ಆ ಹಾಡು ಭಕ್ತಿಯದೋ, ಕುಡಿತದ್ದೋ, ಹುಚ್ಚಿನದೋ ತಿಳಿಯದು.

ಇಲ್ಲಿ ಕಿವುಡುತನದ ಮಾತು ನೆನಪಾಗಬೇಕು. ಈ ಗೋಡೆಗಳ ಮೇಲೆ ಎಲ್ಲಿ ನೋಡಿದರೂ ತೆರೆದ ಬಾಯಿಗಳು. ಹಾಡುವ ಬಾಯಿ, ನಗುವ ಬಾಯಿ, ಹಲ್ಲಿಲ್ಲದೆ ಗಂಜಿ ತಿನ್ನುವ ಬಾಯಿ. ಒಂದು ಚಿತ್ರದಲ್ಲಿ ಉದ್ದ ಗಡ್ಡದ ಮುದುಕನೊಬ್ಬನ ಕಿವಿಗೆ ಬಾಯಿಟ್ಟು ಒಂದು ವಿಕಾರರೂಪ ಕೂಗುತ್ತಿದೆ. ಶಬ್ದವನ್ನು ಕಳೆದುಬಿಟ್ಟರೆ ನಗುವ ಮುಖಕ್ಕೂ ಅರಚುವ ಮುಖಕ್ಕೂ ಎಷ್ಟು ಅಂತರ? ಕೇಳುವ ನಮಗೆ ಧ್ವನಿ ಅರ್ಥವನ್ನು ನಿರ್ಧರಿಸಿಕೊಡುತ್ತದೆ. ಕೇಳದವನಿಗೆ ಪ್ರತಿಯೊಂದು ತೆರೆದ ಬಾಯಿಯೂ ಒಂದು ಕಪ್ಪು ರಂಧ್ರ. 27 ವರ್ಷಗಳಿಂದ ಜಗತ್ತನ್ನು ಹಾಗೆ ನೋಡುತ್ತಿದ್ದವನು ಆ ಅನಿಶ್ಚಯವನ್ನು ನೋಡುವವರಿಗೂ ದಾಟಿಸಿದ್ದಾನೆ. ನಮಗೆ ಕಣ್ಣಿದೆ, ಆ ಚಿತ್ರಗಳ ಮುಂದೆ ನಿಂತಾಗ ಕಿವಿಯಿಲ್ಲ.

ಎರಡನೆಯ ಉದಾಹರಣೆ ಮಾಟಗಾತಿಯರ ಕೂಟ. 1797-98ರಲ್ಲಿ ಒಸೂನಾದ ಡ್ಯೂಕ್ ದಂಪತಿಗಳ ಹಳ್ಳಿಮನೆಗಾಗಿ ಗೋಯಾ ಮಾಟಮಂತ್ರಗಳನ್ನು ಕುರಿತ ಆರು ಚಿತ್ರಗಳನ್ನು ಬರೆದುಕೊಟ್ಟಿದ್ದ. ಅದರಲ್ಲಿ ಒಂದರಲ್ಲಿ ಸೈತಾನ ದೊಡ್ಡ ಹೋತದ ರೂಪದಲ್ಲಿ, ಕೊಂಬುಗಳಿಗೆ ಎಲೆಯ ಮಾಲೆ ಸುತ್ತಿಕೊಂಡು, ಚಂದ್ರನ ಕೆಳಗೆ ನಡುವೆ ಕುಳಿತಿದ್ದಾನೆ. ಸುತ್ತ ಹೆಂಗಸರು ಮಕ್ಕಳನ್ನು ಒಪ್ಪಿಸುತ್ತಿದ್ದಾರೆ. ವಿಷಯ ಘೋರವಾದುದು, ಆದರೆ ಚಿತ್ರ ನಾಟಕದ ಒಂದು ದೃಶ್ಯದಂತಿದೆ. ಓದು ಬಲ್ಲ ಶ್ರೀಮಂತರು ಊಟವಾದ ಮೇಲೆ ನೋಡಿ, ಪಾಮರರ ನಂಬಿಕೆಗಳನ್ನು ನೆನೆದು ನಗುವುದಕ್ಕೆ ತಕ್ಕುದು. ಕಿವುಡನ ತೋಟದ ಕೆಳ ಅಂತಸ್ತಿನ ಉದ್ದ ಗೋಡೆಯನ್ನು ತುಂಬಿದ್ದ ಚಿತ್ರದಲ್ಲಿಯೂ ಇದೇ ಹೋತವಿದೆ. ಆದರೆ ಅದನ್ನು ಅವನು ಪಕ್ಕಕ್ಕೆ ಸರಿಸಿ, ಬರಿಯ ಕಪ್ಪು ನೆರಳಾಗಿ ಮಾಡಿದ್ದಾನೆ. ಬೆಳಕು ಬಿದ್ದಿರುವುದು ಸೈತಾನನ ಮೇಲೆ ಅಲ್ಲ, ಅವನ ಮಾತು ಕೇಳುತ್ತ ಕುಳಿತ ಜನರ ಮೇಲೆ. ಅಗಲಿಸಿದ ಕಣ್ಣು, ಜೋತ ದವಡೆ, ಒಬ್ಬರ ಮೇಲೊಬ್ಬರು ಬಿದ್ದು ಆಲಿಸುವ ಆತುರ. ಭಯ ಸೈತಾನನಿಂದ ಹೊರಟು, ಅವನನ್ನು ನಂಬುವವರಿಗೆ ವರ್ಗವಾಗಿದೆ. ಯುದ್ಧವನ್ನೂ ಧರ್ಮವಿಚಾರಣೆಯನ್ನೂ ಕಂಡವನಿಗೆ ಈ ವರ್ಗಾವಣೆಯ ಅರ್ಥ ಚೆನ್ನಾಗಿ ತಿಳಿದಿತ್ತು. ಬಲಗಡೆಯ ತುದಿಯಲ್ಲಿ ಒಬ್ಬ ಹುಡುಗಿ ಮಾತ್ರ ಗುಂಪಿನಿಂದ ಪ್ರತ್ಯೇಕವಾಗಿ ಕುರ್ಚಿಯ ಮೇಲೆ ಕುಳಿತಿದ್ದಾಳೆ. ಅವಳು ಹೊಸದಾಗಿ ಸೇರಬಂದವಳೋ, ಸುಮ್ಮನೆ ನೋಡಬಂದವಳೋ? ಪ್ರೇಕ್ಷಕರಾದ ನಾವು ನಿಂತಿರುವುದೂ ಅವಳ ಜಾಗದಲ್ಲಿಯೇ.

ಮೂರನೆಯದು ಎಲ್ಲಕ್ಕಿಂತ ಪ್ರಸಿದ್ಧವಾದ ಸ್ಯಾಟರ್ನ್. ತನ್ನ ಮಕ್ಕಳಲ್ಲೊಬ್ಬನು ತನ್ನನ್ನು ಪದಚ್ಯುತಗೊಳಿಸುವನೆಂಬ ಭವಿಷ್ಯವಾಣಿಗೆ ಹೆದರಿ, ಹುಟ್ಟಿದ ಮಕ್ಕಳನ್ನೆಲ್ಲ ನುಂಗಿದ ದೇವತೆ ಇವನು. ಇದೇ ವಸ್ತುವನ್ನು ರೂಬೆನ್ಸ್ 1636-38ರಲ್ಲಿ ಸ್ಪೇನಿನ ದೊರೆಯ ಬೇಟೆಮನೆಗೆ ಬರೆದಿದ್ದ. ಆಸ್ಥಾನ ಚಿತ್ರಕಾರನಾದ ಗೋಯಾನಿಗೆ ಅರಸನ ಸಂಗ್ರಹ ಪರಿಚಿತ. ರೂಬೆನ್ಸನ ಚಿತ್ರದಲ್ಲಿ ಕೈಯಲ್ಲಿ ಕುಡುಗೋಲಿನ ಆಯುಧ ಹಿಡಿದ ಮುದುಕ ದೇವತೆ ಅಳುವ ಕೂಸಿನ ಎದೆಯನ್ನು ಕಚ್ಚುತ್ತಿದ್ದಾನೆ. ಮೇಲೆ ಆಕಾಶದಲ್ಲಿ ಮೂರು ನಕ್ಷತ್ರಗಳು: ಶನಿಗ್ರಹ ಗೆಲಿಲಿಯೋನ ದೂರದರ್ಶಕದಲ್ಲಿ ಕಂಡದ್ದು ಹಾಗೆ. ಕ್ರೂರವಾದ ಚಿತ್ರವೇ, ಆದರೆ ಅದು ಪುರಾಣ. ಕಥೆ ಗೊತ್ತು, ಪಾತ್ರ ಗೊತ್ತು, ಮುಂದೆ ಆಗುವುದೂ ಗೊತ್ತು. ಗೋಯಾ ಈ ಆಧಾರಗಳನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿದ್ದಾನೆ. ಆಯುಧವಿಲ್ಲ, ನಕ್ಷತ್ರವಿಲ್ಲ, ಆಕಾಶವೂ ಇಲ್ಲ. ಕೂಸಿನ ಬದಲು ಬೆಳೆದ ಮನುಷ್ಯದೇಹ. ಅದರ ಬೆನ್ನು ನಮ್ಮ ಕಡೆಗೆ. ತಲೆ ಆಗಲೇ ಇಲ್ಲ. ದೇಹದ ನಡುವಿಗೆ ಬೆರಳುಗಳು ಹೂತುಹೋಗುವಂತೆ ಹಿಡಿದಿದ್ದಾನೆ. ಎಲ್ಲಕ್ಕಿಂತ ಮುಖ್ಯವಾದವು ಆ ಕಣ್ಣುಗಳು. ಅವುಗಳಲ್ಲಿ ಕ್ರೌರ್ಯವಿಲ್ಲ, ತೃಪ್ತಿಯಿಲ್ಲ, ಇರುವುದು ಭೀತಿ. ತಿನ್ನುತ್ತಿರುವವನೇ ಹೆದರಿದ್ದಾನೆ. ತಾನು ಮಾಡುತ್ತಿರುವುದನ್ನು ಕಂಡು ತಾನೇ ಬೆಚ್ಚಿ, ಆದರೂ ನಿಲ್ಲಿಸಲಾರದವನ ಕಣ್ಣುಗಳು ಅವು.

ಭರತನ ನಾಟ್ಯಶಾಸ್ತ್ರದಲ್ಲಿ ಪ್ರತಿ ರಸಕ್ಕೂ ಒಂದು ಬಣ್ಣ, ಒಬ್ಬ ಅಧಿದೇವತೆಯನ್ನು ಹೇಳಿದೆ. ಭಯಾನಕ ರಸದ ಬಣ್ಣ ಕಪ್ಪು. ಅದರ ದೇವತೆ ಕಾಲ. ಪಶ್ಚಿಮದಲ್ಲಿಯೂ ಸ್ಯಾಟರ್ನನ ಗ್ರೀಕ್ ಹೆಸರಾದ ಕ್ರೋನಸ್ ಎಂಬುದನ್ನು ಕಾಲವನ್ನು ಸೂಚಿಸುವ ಪದದೊಡನೆ ಹಿಂದಿನಿಂದಲೂ ಸೇರಿಸಿಕೊಂಡು ಬಂದಿದ್ದಾರೆ. ಹೆತ್ತದ್ದನ್ನೇ ನುಂಗುವ ಕಾಲ. ನಾಟ್ಯಶಾಸ್ತ್ರದ ಹೆಸರನ್ನೂ ಕೇಳದ ಗೋಯಾ ಕಪ್ಪನ್ನೂ ಕಾಲನನ್ನೂ ಒಂದೇ ಗೋಡೆಯ ಮೇಲೆ ತಂದದ್ದು ಆಕಸ್ಮಿಕವೇ ಇರಬಹುದು. ಆದರೆ ಮನುಷ್ಯನ ಭಯಕ್ಕೆ ದೇಶಭೇದ ಕಡಿಮೆ ಎಂಬುದಕ್ಕೆ ಇದು ಸಾಕ್ಷಿ.

ಇಷ್ಟು ಹೇಳಿದಮೇಲೆ, ಈ ಮನೆಯಲ್ಲಿ ಅತ್ಯಂತ ಭಯಂಕರವಾದ ಚಿತ್ರ ಯಾವುದೆಂದು ಕೇಳಿದರೆ ನಾನು ಸ್ಯಾಟರ್ನನ್ನು ಹೇಳಲಾರೆ. ಮೇಲಿನ ಅಂತಸ್ತಿನಲ್ಲಿ ಒಂದು ನಾಯಿಯ ಚಿತ್ರವಿತ್ತು. ಎತ್ತರ ಒಂದೂಕಾಲು ಮೀಟರಿಗೆ ಮಿಗಿಲು, ಅಗಲ ಅದರ ಮುಕ್ಕಾಲು ಪಾಲಿಗಿಂತಲೂ ಕಡಿಮೆ. ಅಷ್ಟೂ ಜಾಗದಲ್ಲಿ ಏನೂ ಇಲ್ಲ. ಮಂಕಾದ ಹಳದಿ ಮಣ್ಣಿನ ಬಣ್ಣ ಮಾತ್ರ. ಕೆಳಗೆ ಒಂದು ಕಂದು ಇಳಿಜಾರು, ಅದರ ಅಂಚಿನಿಂದ ಮೇಲೆದ್ದು ಕಾಣುವ ಒಂದು ಸಣ್ಣ ನಾಯಿಯ ತಲೆ. ದೇಹ ಕಾಣದು. ಮರಳಿನಲ್ಲಿ ಹೂತುಹೋಗುತ್ತಿದೆಯೋ, ದಿಬ್ಬದ ಹಿಂದೆ ನಿಂತಿದೆಯೋ ಹೇಳಲು ಬಾರದು. ಅದು ಮೇಲಕ್ಕೆ ನೋಡುತ್ತಿದೆ. ಅಲ್ಲಿ ರಕ್ತವಿಲ್ಲ, ಹಲ್ಲಿಲ್ಲ, ಮಾಟಗಾತಿಯಿಲ್ಲ. ಭೀತಿಯ ಚಿತ್ರಕ್ಕೆ ಬೇಕೆಂದು ನಾವು ತಿಳಿದಿರುವ ಯಾವ ಸಾಮಗ್ರಿಯೂ ಇಲ್ಲ. ಇದ್ದರೂ ಈ ಚಿತ್ರದ ಮುಂದೆ ಮನಸ್ಸು ಕುಸಿಯುತ್ತದೆ. ಸ್ಯಾಟರ್ನನನ್ನು ಕಂಡು ಕಣ್ಣು ಮುಚ್ಚಿಕೊಳ್ಳಬಹುದು. ನಾಯಿಯನ್ನು ಕಂಡವನು ಅದನ್ನು ಅಲ್ಲಿ ಬಿಟ್ಟುಬರಲಾರ. ಬೀಭತ್ಸದಿಂದ ಭಯಾನಕಕ್ಕೆ, ಭಯಾನಕದಿಂದ ಕರುಣಕ್ಕೆ ಹೋಗುವ ದಾರಿಯನ್ನು ಗೋಯಾ ಆ ಮನೆಯ ಮೆಟ್ಟಿಲುಗಳಲ್ಲಿಯೇ ಕಂಡುಕೊಂಡನೋ ಏನೋ. ಸ್ಪೇನಿನ ಕಲಾವಿದ ಆಂಟೋನಿಯೊ ಸೌರ 20ನೆಯ ಶತಮಾನದಲ್ಲಿ ಈ ಒಂದು ನಾಯಿಯನ್ನೇ ಮತ್ತೆ ಮತ್ತೆ ಬರೆದ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಾವು ಇಂದು ನೋಡುತ್ತಿರುವುದು ಗೋಯಾ ಬರೆದ ಗೋಡೆಯನ್ನಲ್ಲ. 1823ರಲ್ಲಿ ಅವನು ಮನೆಯನ್ನು ಮೊಮ್ಮಗನಿಗೆ ಕೊಟ್ಟು, ಮರುವರ್ಷ ಫ್ರಾನ್ಸಿಗೆ ಹೊರಟುಹೋದ. ಮನೆ ಕೈಬದಲಾಗುತ್ತ, ಗೋಡೆ ಬಿರಿಯುತ್ತ ಬಂತು. 1873ರಲ್ಲಿ ಅದನ್ನು ಕೊಂಡ ಬ್ಯಾರನ್ ಡೆರ್ಲಾಂಜೆ ಎಂಬ ಧನಿಕ ಚಿತ್ರಗಳನ್ನು ಉಳಿಸಲೆಂದು ಪ್ರಾದೋ ಸಂಗ್ರಹಾಲಯದ ಜೀರ್ಣೋದ್ಧಾರಕ ಮಾರ್ತೀನೆಸ್ ಕುಬೆಲ್ಸ್ ಎಂಬಾತನಿಗೆ ಒಪ್ಪಿಸಿದ. ಚಿತ್ರದ ಮೇಲೆ ಬಟ್ಟೆ ಕಾಗದಗಳನ್ನು ಅಂಟಿಸಿ, ಬಣ್ಣದ ಪದರವನ್ನು ಗೋಡೆಯಿಂದ ಎಬ್ಬಿಸಿ, ಹಿಂಬದಿಯ ಗಾರೆಯನ್ನು ಕೆರೆದು, ಕ್ಯಾನ್ವಾಸಿಗೆ ಅಂಟಿಸುವುದು ಇಂಥ ಕೆಲಸದ ಕ್ರಮ. ಎಷ್ಟು ಜಾಣ್ಮೆಯಿಂದ ಮಾಡಿದರೂ ಬಣ್ಣ ಉದುರದೆ ಇರದು. ಉದುರಿದಲ್ಲಿ ಕುಬೆಲ್ಸ್ ತಾನೇ ತುಂಬಿದ. ಹೋತದ ಚಿತ್ರದ ಅಗಲದಲ್ಲಿ ಒಂದು ಮೀಟರಿಗೂ ಹೆಚ್ಚು ಭಾಗ ಕತ್ತರಿಸಿಹೋಯಿತು. ಅದೃಷ್ಟವಶಾತ್ ಗೋಡೆಯ ಮೇಲಿದ್ದಾಗಲೇ ಲೌರೆಂಟ್ ಎಂಬ ಛಾಯಾಗ್ರಾಹಕ ತೆಗೆದ ಚಿತ್ರಗಳು ಉಳಿದಿವೆ. ದೊಣ್ಣೆ ಹಿಡಿದು ಹೊಡೆದಾಡುವ ಇಬ್ಬರ ಚಿತ್ರವೊಂದಿದೆ. ಇಂದು ಅವರು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತು, ಓಡಿಹೋಗಲಾರದೆ ಬಡಿದಾಡುವಂತೆ ಕಾಣುತ್ತದೆ. ಇಡೀ ಸ್ಪೇನ್ ದೇಶದ ಅಂತರ್ಯುದ್ಧಗಳ ಪ್ರತೀಕವೆಂದು ಅದನ್ನು ಎಷ್ಟೋ ಜನ ಕೊಂಡಾಡಿದ್ದಾರೆ. ಹಳೆಯ ಛಾಯಾಚಿತ್ರವನ್ನು ಪರಿಶೀಲಿಸಿದ ಕೆಲವರು, ಅವರು ನಿಂತಿದ್ದದ್ದು ಬರಿಯ ಹುಲ್ಲಿನಲ್ಲಿ ಎನ್ನುತ್ತಾರೆ. ನಾಯಿ ನೋಡುತ್ತಿದ್ದ ಶೂನ್ಯದಲ್ಲಿ ಹಕ್ಕಿಗಳಿದ್ದುವೆಂಬ ಅಭಿಪ್ರಾಯವೂ ಇದೆ. ಹಾಗಿದ್ದರೆ ನಮ್ಮನ್ನು ನಡುಗಿಸುವ ಆ ಬರಿದಾದ ಜಾಗದಲ್ಲಿ ಒಂದು ಪಾಲು ಗೋಯಾನದು, ಒಂದು ಪಾಲು ಕಾಲನದು.

2003ರ ಸುಮಾರಿಗೆ ಹುಂಕೆರಾ ಎಂಬ ಸ್ಪ್ಯಾನಿಷ್ ವಿದ್ವಾಂಸ ಇನ್ನೂ ಮುಂದೆ ಹೋಗಿ, ಗೋಯಾ ಇದ್ದಾಗ ಆ ಮನೆಗೆ ಮೇಲಂತಸ್ತೇ ಇರಲಿಲ್ಲ, ಚಿತ್ರಗಳು ಅವನವೇ ಅಲ್ಲ ಎಂದು ವಾದಿಸಿದ. ಬಹುಮಂದಿ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಪ್ರಾದೋ ಸಂಗ್ರಹಾಲಯವೂ ಇವನ್ನು ಗೋಯಾನ ಕೃತಿಗಳೆಂದೇ ಇಟ್ಟುಕೊಂಡಿದೆ.

ಕೊನೆಯ ಪ್ರಶ್ನೆ: ಇವನ್ನು ಅವನು ಯಾಕೆ ಬರೆದ? ಅವನಂತೂ ಹೇಳಲಿಲ್ಲ. ಹುಚ್ಚು ಹಿಡಿದಿತ್ತು ಎನ್ನುವುದು ಸುಲಭದ ಉತ್ತರ. ಆದರೆ ಇಷ್ಟು ಬಿಗಿಯಾದ ಕೈ, ಇಷ್ಟು ಲೆಕ್ಕಾಚಾರದ ಬಿಟ್ಟುಕೊಡುವಿಕೆ ಹುಚ್ಚಿನದಲ್ಲ. ನಮ್ಮ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ, ಮರುಳುಗಳ ಮಾತು ಕೇಳುತ್ತ ರಣರಂಗದಲ್ಲಿ ನಡೆಯುವ ಪ್ರಸಂಗವಿದೆ. ತಾನು ನಡೆಸಿದ ಯುದ್ಧದ ಫಲವನ್ನು ಅವನು ಕಣ್ಣಾರೆ ನೋಡಲೇಬೇಕು, ಕವಿ ಅವನನ್ನು ಬೇರೆ ದಾರಿಯಲ್ಲಿ ಕರೆದೊಯ್ಯುವುದಿಲ್ಲ. ಗೋಯಾ ತನ್ನನ್ನು ತಾನೇ ಅಂಥ ದಾರಿಯಲ್ಲಿ ನಡೆಸಿಕೊಂಡನೆಂದು ನನಗೆ ತೋರುತ್ತದೆ. ಮನಸ್ಸಿನೊಳಗೆ ಇರುವ ಭಯಕ್ಕೆ ಆಕಾರವಿಲ್ಲ, ಎಲ್ಲೆಯಿಲ್ಲ. ಅದನ್ನು ಗೋಡೆಗೆ ತಂದರೆ ಅದಕ್ಕೆ ಇಷ್ಟುದ್ದ, ಇಷ್ಟಗಲ ಎಂಬ ಅಳತೆ ಬರುತ್ತದೆ. ಅದರ ಎದುರಿಗೆ ಕುಳಿತು ಊಟ ಮಾಡುವುದೂ ಸಾಧ್ಯವಾಗುತ್ತದೆ. ಸ್ಯಾಟರ್ನ್ ಇದ್ದ ಕೋಣೆಯನ್ನು ಊಟದ ಕೋಣೆಯೆಂದೇ ಹೇಳುತ್ತ ಬಂದಿದ್ದಾರೆ.

78 ವರ್ಷದ ಮುದುಕ ಆ ಮನೆಯನ್ನು ಬಿಟ್ಟು ಬೋರ್ಡೋ ನಗರಕ್ಕೆ ಹೋದಮೇಲೆ ಕಲ್ಲಚ್ಚಿನ ಹೊಸ ವಿದ್ಯೆಯಲ್ಲಿ ಗೂಳಿಕಾಳಗದ ಚಿತ್ರಗಳನ್ನು ಮಾಡಿದ. ಎರಡು ಕೋಲುಗಳನ್ನು ಊರಿ ನಡೆಯುವ ಬಿಳಿಗಡ್ಡದ ವೃದ್ಧನ ಒಂದು ರೇಖಾಚಿತ್ರವೂ ಆ ಕಾಲದ್ದು. ಅದರ ಮೇಲೆ ಅವನು ಬರೆದ ಹೆಸರು ‘ಇನ್ನೂ ಕಲಿಯುತ್ತಿದ್ದೇನೆ’ ಎಂದು. 1828ರಲ್ಲಿ ಅವನು ಅಲ್ಲಿಯೇ ತೀರಿಕೊಂಡ.

ಬ್ಯಾರನ್ ಡೆರ್ಲಾಂಜೆ 1878ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಈ ಚಿತ್ರಗಳನ್ನು ಇಟ್ಟಾಗ ಮೆಚ್ಚಿದವರು ಕಡಿಮೆ. 1881ರಲ್ಲಿ ಅವನ್ನು ಸ್ಪೇನಿಗೆ ದಾನವಾಗಿ ಕೊಟ್ಟ. ಮನೆಯನ್ನು 1909ರಲ್ಲಿ ಕೆಡವಿದರು. ಇಂದು ಅವು ಪ್ರಾದೋ ಸಂಗ್ರಹಾಲಯದಲ್ಲಿವೆ; ಜನ ಹೋಗುತ್ತಾರೆ, ನೋಡುತ್ತಾರೆ, ಹಿಂದಿರುಗುತ್ತಾರೆ. ಭಯಾನಕದ ಚಿತ್ರ ವಾಸದ ಮನೆಯಿಂದ ಸಭಾಭವನಕ್ಕೆ ಬಂದಿದೆ. ಚಿತ್ರಸೂತ್ರದ ಕಟ್ಟಳೆ ಕೊನೆಗೂ ನೆರವೇರಿತೆನ್ನಬೇಕು. ಆದರೆ ಆ ಕೋಣೆಯಲ್ಲಿ ನಿಂತವನು ಒಂದನ್ನು ಮರೆಯಬಾರದು: ಇವುಗಳ ಮೊದಲ ಪ್ರೇಕ್ಷಕನಿಗೆ ಹಿಂದಿರುಗಿ ಹೋಗಲು ಬೇರೆ ಮನೆ ಇರಲಿಲ್ಲ.